ಮೈಮೇಲೆ ಬಾರದ ಮಲ್ಲಿ

ಆಲ್ಕೊಳ ವೃತ್ತದಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯಲ್ಲಿ ಪುಟ್ಟಯ್ಯನವರನ್ನು ತಿಳಿಯದವರಿಲ್ಲ. ತಿಳಿಯದೆ ಉಳಿಯುವುದಕ್ಕೆ ಅವರು ಯಾರಿಗೂ ಅವಕಾಶ ಕೊಟ್ಟವರಲ್ಲ. ಅಡಿಕೆ ಮಂಡಿಯೊಂದರ ಗುಮಾಸ್ತಗಿರಿಯಿಂದ ನಿವೃತ್ತರಾದ ಈ ಮಹನೀಯರಿಗೆ ಗೊತ್ತಿಲ್ಲದ ವಿಷಯವೊಂದು ಜಗತ್ತಿನಲ್ಲಿ ಇದ್ದೀತು. ಆದರೆ ಅದು ಯಾವುದೆಂಬುದು ಅವರಿಗೆ ಗೊತ್ತಿರಲಿಲ್ಲ.

ಅನರ್ಥಕ್ಕೆಲ್ಲ ಮೂಲವಾದದ್ದು ಒಂದು ಹೋಳಿಗೆಯ ಊಟ. ಪುಟ್ಟಯ್ಯನವರ ಹೆಂಡತಿ ಪ್ರೇಮಮ್ಮನ ತಮ್ಮ ಸುಬ್ಬಪ್ಪ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಅವನ ಮನೆಯಲ್ಲಿ ಉಂಡೆದ್ದು ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಬೀದಿನಾಯಿಯೊಂದು ಬಂದು ಪುಟ್ಟಯ್ಯನವರನ್ನು ಕುರಿತು ಬೊಗಳಿತು. ಪುಟ್ಟಯ್ಯನವರು ಅದನ್ನು ದುರುಗುಟ್ಟಿ ನೋಡಿದರು. ಅದೇ ಕ್ಷಣಕ್ಕೆ ಹಿಂದಿನಿಂದ ಬಂದ ಲಾರಿಯೊಂದು ಹಾರನ್ ಬಾರಿಸಿದ್ದರಿಂದ ನಾಯಿ ಓಟ ಕಿತ್ತಿತು. ಲಾರಿಯನ್ನು ಜಗಲಿಯಲ್ಲಿದ್ದ ಎಲ್ಲರೂ ಕಂಡರು, ಪುಟ್ಟಯ್ಯನವರೊಬ್ಬರು ಕಾಣಲಿಲ್ಲ.

"ನೋಡಿದ್ಯಾ ಸುಬ್ಬಪ್ಪ? ಎಲ್ಲಾ ಕಣ್ಣಲ್ಲಿರೋದು ಮಾರಾಯ. ಕಣ್ಣಲ್ಲಿ ಕಣ್ಣಿಟ್ಟು ಒಂದ್ಸಲ ನೋಡಿದೆ ಅಂದ್ರೆ ಎಂಥಾ ನಾಯಿನೂ ಕರು ಆಗಿಬಿಡುತ್ತೆ," ಎಂದರು.

"ಹೌದಾ? ಯಾವ ನಾಯಿ ಆಯ್ತು? ಎಲ್ಲಿ? ಕರು ಆದ್ಮೇಲೆ ಏನು ತಿಂತು?" ಎಂದು ಕೇಳಿದವರು ತುಂಗಮ್ಮ. ಇವರು ಸುಬ್ಬಪ್ಪ, ಪ್ರೇಮಮ್ಮ ಇಬ್ಬರಿಗೂ ಅಕ್ಕ. ಸುಬ್ಬಪ್ಪನ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಸ್ವತಂತ್ರವಾಗಿ ವಾಸವಾಗಿರುವವರು. ಓಲ್ಡ್ ಟೌನಿನಲ್ಲಿ ತುಂಗಮ್ಮ ಇಣುಕದ ಬಾವಿಯಿಲ್ಲ, ಮುಚ್ಚಳ ತೆರೆಯದ ಪಾತ್ರೆಯಿಲ್ಲ ಎಂದು ಪ್ರತೀತಿ. ಬೀದಿಯಲ್ಲಿ ಯಾರದಾದರೂ ಮನೆಗೆ ಪಾರ್ಸೆಲ್ ಬಂದರೆ ಅದರೊಳಗಿರುವುದೇನೆಂದು ತಿಳಿಯುವವರೆಗೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಆ ದಿನ ಪುಟ್ಟಯ್ಯನವರ ಮಾತನ್ನು ಕಿವಿಗೊಟ್ಟು ಕೇಳಿದ ಮತ್ತೊಬ್ಬಳೆಂದರೆ ಅವರ ತಮ್ಮನ ಮಗಳು ಭೂಮಿಕಾ. ಪಶುವೈದ್ಯ ಓದುತ್ತಿದ್ದ ಈ ಹುಡುಗಿ ಮುಂದಿನ ವಾರವೇ ಒಂದು ಸಂಜೆ, ಮೇಲೆ ಬೆಡ್‌ಶೀಟು ಹೊದಿಸಿದ ಪಂಜರವೊಂದನ್ನು ಆಟೋದಲ್ಲಿ ತಂದು ಪುಟ್ಟಯ್ಯನವರ ಒಳಕೋಣೆಯಲ್ಲಿ ಇಳಿಸಿದಳು.

"ದೊಡ್ಡಪ್ಪ, ಇವಳಿಗೆ ನೀವೇ ಫಾಸ್ಟರ್."

"ಫಾಸ್ಟರ್? ಬೇಗ ಬೇಗ ಸಾಕಬೇಕಾ?"

"ಅಲ್ಲ ದೊಡ್ಡಪ್ಪ! ಕಾಯಂ ಮನೆ ಸಿಗೋವರೆಗೂ ಇಟ್ಕೊಳ್ಳೋದು. ಅದೂ ನಿಧಾನಕ್ಕೆ, ತುಂಬಾ ನಿಧಾನಕ್ಕೆ."

ಪಂಜರದ ಬಾಗಿಲು ತೆರೆದದ್ದೇ ತಡ, ಕಪ್ಪನೆಯದೊಂದು ವಸ್ತು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹರಿದುಹೋಗಿ ಮಂಚದ ಅಡಿಯ ಕತ್ತಲೆಯಲ್ಲಿ ಕರಗಿಬಿಟ್ಟಿತು. ನವುಲೆಯ ಆಚೆ ಪಾಳುಬಿದ್ದ ಇಟ್ಟಿಗೆ ಗೂಡಿನಲ್ಲಿ ಹುಟ್ಟಿ, ಮನುಷ್ಯರ ಕೈಯೆಂಬುದು ಕಲ್ಲು ಹಿಡಿಯುವುದಕ್ಕಾಗಿಯೇ ಇರುವ ಅಂಗವೆಂದು ತಿಳಿದು ಬೆಳೆದ ನಾಯಿ ಅದು. ಹೆಸರು ಮಲ್ಲಿ. ಬೊಗಳುವ ಧೈರ್ಯವೂ ಅದಕ್ಕಿರಲಿಲ್ಲ.

ಭೂಮಿಕಾ ನಿಯಮಗಳನ್ನು ವಿಧಿಸಿದಳು. ಕಣ್ಣಲ್ಲಿ ಕಣ್ಣಿಟ್ಟು ನೋಡಕೂಡದು. ಮುಟ್ಟಕೂಡದು. ಬೆನ್ನು ತಿರುಗಿಸಿ ನೆಲದ ಮೇಲೆ ಕೂರಬೇಕು. ತಿನಿಸನ್ನು ಭುಜದ ಮೇಲಿಂದ ಹಿಂದಕ್ಕೆ ಹಾಕಬೇಕು. ತಿರುಗಿ ನೋಡದೆ ಎದ್ದು ಬರಬೇಕು. ಮನುಷ್ಯರ ದನಿ ರೂಢಿಯಾಗಲೆಂದು ಮೆಲ್ಲಗೆ ಒಂದೇ ಸಮನೆ ಏನನ್ನಾದರೂ ಹೇಳುತ್ತಿರಬೇಕು.

"ಇನ್ನೊಂದು. ನಾಯಿ, ನಾಯಿ ಅನ್ನಬೇಡಿ. ಹೆಸರು ಹಿಡಿದೇ ಕರೀರಿ. ಹೆಸರಿಗೆ ಒಗ್ಗಲಿ."

"ಮನೆ ಸಿಗದಿದ್ರೆ?" ಎಂದು ಪ್ರೇಮಮ್ಮ ಕೇಳಿದರು.

ಹುಡುಗಿಯ ದನಿ ತಗ್ಗಿತು. "ತಿಂಗಳ ಕೊನೆಗೆ ನಾನು ಟ್ರೈನಿಂಗಿಗೆ ಹೋಗ್ತೀನಿ ದೊಡ್ಡಮ್ಮ. ಅಷ್ಟರೊಳಗೆ ಯಾರೂ ಸಿಗದಿದ್ರೆ ವಾಪಸ್ ಅನಾಥ ಪ್ರಾಣಿಗಳ ಶೆಡ್ಡಿಗೆ. ಅಲ್ಲಿನ ಗಲಾಟೆಗೆ ಊಟನೇ ಬಿಟ್ಟಿದ್ಲು. ಇನ್ನೊಂದ್ಸಲ ಬಿಟ್ರೆ ಉಳಿಯಲ್ಲ."

ಪುಟ್ಟಯ್ಯನವರು ಕೆಮ್ಮಿ ಎದೆಯುಬ್ಬಿಸಿದರು. "ಚಿಂತೆ ಬಿಡು. ನಾನಿದ್ದೀನಿ."

ಮಂಡಿಯಲ್ಲಿ ಬೆಳೆದ ಮನುಷ್ಯ; ನಿಯಮವೆಂದರೆ ನಿಯಮ. ಅಂದಿನಿಂದ ಅವರ ಬಾಯಲ್ಲಿ 'ನಾಯಿ' ಎಂಬ ಎರಡಕ್ಷರ ಮನೆಯೊಳಗಾಗಲಿ ಹೊರಗಾಗಲಿ ಉಚ್ಚಾರವಾಗಲಿಲ್ಲ. ಮುಂದಿನ ಸಮಸ್ತ ವಿಪತ್ತುಗಳಿಗೂ ಇದೊಂದೇ ಕಾರಣವೆಂದು ವಿಚಾರವಂತರು ಒಪ್ಪುತ್ತಾರೆ.

ಪಕ್ಕದ ಮನೆಯ ಮಹಡಿಯಲ್ಲಿ ವಸಂತಮ್ಮ ಬಟ್ಟೆ ಒಣಹಾಕುವ ಹೊತ್ತಿಗೆ ಪುಟ್ಟಯ್ಯನವರ ಒಳಕೋಣೆಯ ಕಿಟಕಿ ಸೊಗಸಾಗಿ ಕಾಣುತ್ತದೆ. ಮರುದಿನ ಅವರು ಕಂಡ ದೃಶ್ಯ ಹೀಗಿತ್ತು: ಪುಟ್ಟಯ್ಯನವರು ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕುಳಿತಿದ್ದಾರೆ. ಬೇಯಿಸಿದ ಮೊಟ್ಟೆಯ ಚೂರುಗಳನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದಾರೆ. ಅರೆಗಣ್ಣು ಮುಚ್ಚಿ, "ರಾಶಿ... ಬೆಟ್ಟೆ... ಸರಕು... ಗೊರಬಲು..." ಎಂದು ರಾಗವಾಗಿ ಗೊಣಗುತ್ತಿದ್ದಾರೆ. ಒಂದೇ ಸಮನೆ ಹೇಳಲು ಅಡಿಕೆಯ ದರ್ಜೆಗಳ ಪಟ್ಟಿಯಲ್ಲದೆ ಬೇರೇನು ತಾನೆ ಆ ಜೀವಕ್ಕೆ ಕಂಠಪಾಠವಿತ್ತು! ಬಳಿಕ ಎದ್ದು, ತಿರುಗಿ ನೋಡದೆ, ಬಾಗಿಲು ಎಳೆದುಕೊಂಡು ಹೊರಬಂದರು.

ತಿರುಗಿ ನೋಡದೆ ಎಡೆ ಇಟ್ಟು ಬರುವುದು ಯಾರಿಗೆಂಬುದನ್ನು ವಸಂತಮ್ಮನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೈಯಲ್ಲಿದ್ದ ಪಂಚೆ ಜಾರಿ ಬೀದಿಗೆ ಬಿದ್ದಿತು. ಆದರೂ ಕುತೂಹಲವೆಂಬುದು ಭಯದ ಬೆನ್ನಿಗೇ ಹುಟ್ಟುವ ಕೂಸು. ಸಂಜೆ ಅವರು ಕಾಂಪೌಂಡಿನ ಬಳಿಗೆ ಬಂದರು.

"ಮನೇಲಿ ಯಾರೋ... ಬಂದ ಹಾಗಿದೆ?"

"ಬಂದಿದ್ದಾಳೆ," ಎಂದರು ಪುಟ್ಟಯ್ಯನವರು ಗಂಭೀರವಾಗಿ. "ಮಲ್ಲಿ ಅಂತ."

"ಎಲ್ಲಿ?"

"ಮಂಚದ ಕೆಳಗೆ."

"ಹಗಲೂ ಇರ್ತಾಳಾ?"

"ಹಗಲೇ ಜಾಸ್ತಿ. ಕತ್ತಲಾದ್ಮೇಲೆ ಹಿತ್ತಲಲ್ಲಿ ಸ್ವಲ್ಪ ಓಡಾಡ್ತಾಳೆ. ನವುಲೆ ಆಚೆ ಇಟ್ಟಿಗೆ ಗೂಡಲ್ಲಿ ಇದ್ದೋಳು. ಗಂಡಸರನ್ನ ಕಂಡ್ರೆ ಆಗಲ್ಲ. ಪಾಪ, ಅಲ್ಲಿ ಏನೇನು ಅನುಭವಿಸಿದ್ಲೋ!"

ವಸಂತಮ್ಮ ತಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಮೈಮೇಲೆ ಬರ್ತಾಳಾ?"

"ಇನ್ನೂ ಇಲ್ಲ ಮಾರಾಯ್ತಿ, ಅಷ್ಟು ಸಲುಗೆ ಎಲ್ಲಿ? ಮನಸ್ಸಾದ ದಿನ ತಾನಾಗೇ ಬರ್ತಾಳಂತೆ. ಬಂದಾಗ ನಾವು ಕೂಗಬಾರದು, ಕೈ ಎತ್ತಬಾರದು. ಸುಮ್ಮನೆ ಕೂತಿದ್ರೆ ಆಯ್ತು."

"ಇಲ್ಲೇ ಇದ್ದುಬಿಡ್ತಾಳಾ?"

"ಇಲ್ಲ, ಇಲ್ಲ. ಯಾವುದಾದ್ರೂ ಒಳ್ಳೆ ಮನೆಗೆ ಸೇರಿಸಬೇಕು. ನಿಮ್ಮನೆಗೆ ಬೇಕಾ? ಹೂಂ ಅನ್ನಿ, ಈಗಲೇ ಕಳಿಸ್ತೀನಿ."

ವಸಂತಮ್ಮ ಹಿಂದಕ್ಕೆ ಹೆಜ್ಜೆಯಿಡುತ್ತ ಹೋಗಿ ತಮ್ಮದೇ ತುಳಸಿಕಟ್ಟೆಗೆ ಡಿಕ್ಕಿ ಹೊಡೆದರು. "ಇಂಥಾ ಬಡಪಾಯಿನ ಕಂಡ್ರೂ ಹೆದರ್ತಾರಲ್ಲ!" ಎಂದು ಪುಟ್ಟಯ್ಯನವರು ಹೆಂಡತಿಯ ಬಳಿ ಬೇಸರಪಟ್ಟರು.

ರಾತ್ರಿ ಕಳೆದು ಬೆಳಗಾಗುವುದರೊಳಗೆ ಬೀದಿಗೆಲ್ಲ ಮಲ್ಲಿಯ ಪೂರ್ವಚರಿತ್ರೆ ತಿಳಿದುಬಂತು. ಒಬ್ಬರ ಪ್ರಕಾರ ಆಕೆ ಗಂಡನ ಮನೆಯವರ ಕಾಟಕ್ಕೆ ಗೂಡಿನ ಬೆಂಕಿಗೆ ಹಾರಿದವಳು. ಇನ್ನೊಬ್ಬರ ಪ್ರಕಾರ ಕೂಲಿ ಕೇಳಿದ್ದಕ್ಕೆ ಇಟ್ಟಿಗೆಯ ಜೊತೆಗೇ ಸುಟ್ಟುಹೋದವಳು. ಮೂರನೆಯವರೊಬ್ಬರು ಆಕೆಯ ಮದುವೆಯಲ್ಲಿ ತಾವು ಉಂಡಿರುವುದಾಗಿಯೂ, ಸಾರು ಸ್ವಲ್ಪ ಉಪ್ಪಾಗಿತ್ತೆಂದೂ ಹೇಳಿದರು.

ಜನ ಬರತೊಡಗಿದರು. ನಿಂಬೆಹಣ್ಣು ತಂದರು, ಹಸಿರು ಬಳೆ ತಂದರು, ಮಲ್ಲಿಗೆ ದಂಡೆ ತಂದರು. ಬಾಗಿಲಲ್ಲೇ ನಿಂತು ಕೈ ಮುಗಿದರು. ಇವರೆಲ್ಲ ಮಲ್ಲಿಯನ್ನು ಒಯ್ಯುವ ಆಸೆಯಿಂದ ಬಂದ ಸಂಸಾರಸ್ಥರೆಂದು ಪುಟ್ಟಯ್ಯನವರು ಹಿಗ್ಗಿದರು. ಬಳೆಯೇಕೆಂದು ಹೊಳೆಯದಿದ್ದರೂ, ಕೊರಳಿಗೆ ಕಟ್ಟುವ ಪಟ್ಟಿಯ ಬದಲು ಇರಬೇಕೆಂದು ಸಮಾಧಾನ ಮಾಡಿಕೊಂಡರು.

"ಒಂದು ಪ್ರಶ್ನೆ ಕೇಳಬಹುದಾ?" ಎಂದು ಅಡಿಕೆ ತೋಟದವರೊಬ್ಬರು ದನಿ ತಗ್ಗಿಸಿದರು.

"ಧಾರಾಳವಾಗಿ."

"ಈ ಸಲ ಬೆಟ್ಟೆ ಈಗಲೇ ಬಿಡಲಾ, ಇನ್ನಷ್ಟು ದಿನ ಇಟ್ಕೊಳ್ಳಲಾ?"

ಮಲ್ಲಿಗೂ ಬೆಟ್ಟೆಗೂ ಏನು ಸಂಬಂಧವೆಂದು ಪುಟ್ಟಯ್ಯನವರಿಗೆ ತಿಳಿಯಲಿಲ್ಲ. ಆದರೆ ಅಡಿಕೆಯ ವಿಷಯದಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸದೆ ಇರುವುದು ಅವರ ಶರೀರಪ್ರಕೃತಿಗೆ ಒಗ್ಗುವಂಥದ್ದಲ್ಲ. "ಇಟ್ಕೊಳ್ಳಿ," ಎಂದರು. ದುರದೃಷ್ಟವಶಾತ್ ಧಾರಣೆ ಏರಿತು. ಮಲ್ಲಿಯ ಕೀರ್ತಿ ಭದ್ರಾ ನಾಲೆಯ ಉದ್ದಕ್ಕೂ ಹರಿಯಿತು.

"ಭೂಮಿಕಾ, ನೂಕುನುಗ್ಗಲು ಮಾರಾಯ್ತಿ! ಜನ ತುದಿಗಾಲಲ್ಲಿ ನಿಂತಿದ್ದಾರೆ," ಎಂದು ಅವರು ಫೋನಿನಲ್ಲಿ ಕೂಗಿದರು.

"ನಿಜವಾಗ್ಲೂ? ಅಷ್ಟು ಹೆದರೋಳಿಗೆ? ಹಾಗಾದ್ರೆ ಕರ್ಕೊಂಡು ಹೋಗೋರು ಯಾರು?"

ಅಲ್ಲಿಯೇ ತೊಡಕಿದ್ದದ್ದು. "ಯಾವಾಗ ಕರ್ಕೊಂಡು ಹೋಗ್ತೀರಿ?" ಎಂದು ಪುಟ್ಟಯ್ಯನವರು ಕೇಳಿದ್ದೇ ತಡ, ಬಂದವರು ಚಪ್ಪಲಿ ಹುಡುಕುವ ವ್ಯವಧಾನವೂ ಇಲ್ಲದೆ ನಡೆದುಬಿಡುತ್ತಿದ್ದರು. ಮೆಟ್ಟಿಲ ಬಳಿ ಒಂಟಿ ಚಪ್ಪಲಿಗಳು ಉಳಿದುಕೊಂಡವು. ತಿಂಗಳು ಮುಗಿಯುತ್ತ ಬಂತು. ಮಲ್ಲಿ ಮಂಚದ ಅಡಿಯಿಂದ ಮೂತಿಯಷ್ಟನ್ನು ಹೊರಚಾಚಿ, ಪುಟ್ಟಯ್ಯನವರ ಬೆನ್ನನ್ನು ನೋಡುತ್ತ 'ಗೊರಬಲು' ಎಂಬಲ್ಲಿ ಒಮ್ಮೆ ಬಾಲವಾಡಿಸುವಷ್ಟು ಮುಂದುವರಿದಿದ್ದಳು. ಅದನ್ನು ಕಂಡವರು ಪ್ರೇಮಮ್ಮ. ತಿರುಗಿ ನೋಡುವಂತಿಲ್ಲದ ಪುಟ್ಟಯ್ಯನವರಿಗೆ ಆ ಭಾಗ್ಯವಿರಲಿಲ್ಲ.

ಈ ನಡುವೆ ಗಣೇಶ್ ಎಂಬ ಪೊಲೀಸ್ ಪೇದೆ ಬಂದ.

"ಸಾರ್, ನಿಮ್ಮನೇಲಿ ಒಂದು ಹುಡುಗಿನ ಕೂಡಿಹಾಕಿದ್ದೀರಿ ಅಂತ ಯಾರೋ ಫೋನ್ ಮಾಡಿದ್ದಾರೆ."

"ಕೂಡಿಹಾಕೋದಾ? ಬಾಗಿಲು ತೆಗೆದೇ ಇದೆ, ಅವಳೇ ಆಚೆ ಬರಲ್ಲ."

"ಹೆಸರು?"

"ಮಲ್ಲಿ."

"ವಯಸ್ಸು?"

"ಎರಡು, ಎರಡೂವರೆ."

"ಅಯ್ಯೋ, ಮಗು!"

"ಮಗು ಎಲ್ಲಿ ಬಂತು? ಮಕ್ಕಳಾಗೋ ವಯಸ್ಸು. ನಮ್ಮ ಭೂಮಿಕಾನೇ ನಿಂತು ಆಪರೇಷನ್ ಮಾಡಿಸಿದ್ದಾಳೆ."

ಗಣೇಶ್ ಟೋಪಿ ತೆಗೆದು ಹಣೆ ಒರೆಸಿಕೊಂಡ. ಬಳಿಕ ಕರ್ತವ್ಯವನ್ನು ನೆನೆದು, ಒಳಕೋಣೆಗೆ ಹೋಗಿ, ಮೊಬೈಲಿನ ಬೆಳಕನ್ನು ಮಂಚದ ಅಡಿಗೆ ಹಿಡಿದ. ಕಪ್ಪು ನಾಯಿಯ ಮೈ ಕತ್ತಲೆಯಲ್ಲಿ ಕಾಣುವುದಿಲ್ಲ, ಕಾಣುವುದು ಕಣ್ಣು. ಎರಡು ಹಸಿರು ದೀಪಗಳು ಗಾಳಿಯಲ್ಲಿ ತೇಲುತ್ತಿದ್ದವು. ಅವನು ಎದ್ದು, ಹಿಮ್ಮುಖವಾಗಿಯೇ ನಡೆಯುತ್ತ ಗೇಟು ದಾಟಿದ. ಅಲ್ಲಿ ಕಾದಿದ್ದ ವಸಂತಮ್ಮನಿಗೆ ಅವನು ಹೇಳಿದ್ದು ಇಷ್ಟೇ: "ಇದು ನಮ್ಮ ಲಿಮಿಟ್ಸಿಗೆ ಬರಲ್ಲಮ್ಮ."

ಆ ಒಂದು ವಾಕ್ಯ ಭದ್ರಾವತಿಯನ್ನು ಮುಟ್ಟಲು ಬಸ್ಸಿನಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ಭಾನುವಾರ ಬೆಳಗ್ಗೆಯೇ ಸುಬ್ಬಪ್ಪ ಕಾರು ಮಾಡಿಕೊಂಡು ಬಂದಿಳಿದ. ಜೊತೆಗೆ ಶಿವಪ್ರಸಾದ್ ಎಂಬಾತ. ಇವನಿಗೆ ಬರುತ್ತಿದ್ದ ಮಂತ್ರಗಳು ಎರಡೇ ಆದರೂ ಜಾಗಟೆ ಬಹಳ ದೊಡ್ಡದಿತ್ತು. ಹಿಂದಿನ ಸೀಟಿನಲ್ಲಿ, ಯಾರೂ ಕರೆಯದೆ ಬಂದು ಕುಳಿತಿದ್ದವರು ತುಂಗಮ್ಮ.

"ಭಾವಾ," ಎಂದ ಸುಬ್ಬಪ್ಪ ಕಣ್ಣಲ್ಲಿ ನೀರು ತಂದುಕೊಂಡು, "ನಮಗೊಂದು ಮಾತು ಹೇಳಬಾರದಿತ್ತಾ?"

"ನೀವೂ ಕರ್ಕೊಂಡು ಹೋಗೋಕೆ ಬಂದ್ರಾ?"

"ಕರ್ಕೊಂಡು ಹೋಗೋಕಲ್ಲ, ಕಳಿಸೋಕೆ!"

"ನನಗೂ ಅದೇ ತಾನೇ ಬೇಕಾಗಿರೋದು? ಈ ವಾರದೊಳಗೆ ಕಳಿಸದಿದ್ರೆ ಅವಳು ಉಳಿಯಲ್ಲ ಮಾರಾಯ," ಎಂದರು ಪುಟ್ಟಯ್ಯನವರು.

ಸುಬ್ಬಪ್ಪ ಮತ್ತು ಶಿವಪ್ರಸಾದ್ ಪರಸ್ಪರ ನೋಡಿಕೊಂಡರು. ಸತ್ತವಳು ಉಳಿಯುವುದೆಂದರೇನೆಂದು ಇಬ್ಬರಿಗೂ ತಿಳಿಯಲಿಲ್ಲ.

ಮೂವರನ್ನೂ ಪುಟ್ಟಯ್ಯನವರು ಒಳಕೋಣೆಗೆ ಕರೆದೊಯ್ದು, ಗೋಡೆಗೆ ಮುಖ ಮಾಡಿಸಿ ಸಾಲಾಗಿ ನೆಲದ ಮೇಲೆ ಕೂರಿಸಿದರು. "ಏನಾದ್ರೂ ತಿರುಗಬಾರದು. ಉಸಿರು ಹತ್ತಿರ ಬಂದ್ರೂ ತಿರುಗಬಾರದು. ಕೈಯನ್ನ ಹಿಂದಕ್ಕೆ ಚಾಚಿ ಬಿಡಿ," ಎಂದು ಹೇಳಿ, ತುಂಗಮ್ಮನ ಅಂಗೈಯಲ್ಲಿ ಮೊಟ್ಟೆಯ ಚೂರೊಂದನ್ನಿಟ್ಟರು.

ಓದುಗರು ಇಲ್ಲಿ ಒಂದು ಕ್ಷಣ ನಿಂತು ತುಂಗಮ್ಮನವರ ಸ್ಥಿತಿಯನ್ನು ಊಹಿಸಬೇಕು. ಪಕ್ಕದ ಮನೆಯ ಕುಕ್ಕರಿನೊಳಗೇನಿದೆಯೆಂದು ತಿಳಿಯದೆ ನಿದ್ರೆ ಮಾಡದ ಜೀವ. ಬೆನ್ನ ಹಿಂದೆ ಮೂರು ಮಾರು ದೂರದಲ್ಲಿ ಎರಡು ತಾಲ್ಲೂಕಿನ ಜನ ನೋಡಲು ಹಂಬಲಿಸುವ ಸಂಗತಿ. ತಿರುಗುವಂತಿಲ್ಲ! ಅವರ ಕತ್ತಿನ ನರ ಎರಡು ಬಾರಿ ಬಲಕ್ಕೆ ಎಳೆಯಿತು. ಎರಡು ಬಾರಿಯೂ ಅವರು ಅದನ್ನು ಎಡಕ್ಕೆ ತಂದರು. ಕೊನೆಗೆ ಕಣ್ಣನ್ನೇ ಬಿಗಿಯಾಗಿ ಮುಚ್ಚಿಕೊಂಡು ಕಲ್ಲಿನಂತೆ ಕುಳಿತರು.

ಆಗ ಶಿವಪ್ರಸಾದ್ ಜಾಗಟೆ ಬಾರಿಸಿದ.

ಮಂಚದ ಅಡಿಯಿಂದ ಮಲ್ಲಿ ಗುಂಡಿನಂತೆ ಚಿಮ್ಮಿದಳು. ಒದ್ದೆಯಾದ ಮೂಗೊಂದು ಸುಬ್ಬಪ್ಪನ ಕುತ್ತಿಗೆಯನ್ನು ಸವರಿಕೊಂಡು ಹೋಯಿತು. "ಬಂದ್ಲು!" ಎಂದು ಚೀರಿದ ಸುಬ್ಬಪ್ಪ, ಆ ಕೋಣೆಯಲ್ಲಿ ಅಡಗಲು ಯೋಗ್ಯವಾದ ಏಕೈಕ ಸ್ಥಳವನ್ನು ಕ್ಷಣಾರ್ಧದಲ್ಲಿ ಗುರುತಿಸಿ ಮಂಚದ ಅಡಿಗೆ ನುಗ್ಗಿದ. ಶಿವಪ್ರಸಾದ್ ಬೀದಿಗೆ ಹಾರಿದ. ಜಾಗಟೆಯ ಸದ್ದು ಆಲ್ಕೊಳ ವೃತ್ತದವರೆಗೂ ಕ್ಷೀಣಿಸುತ್ತ ಹೋಯಿತು. ವಸಂತಮ್ಮನ ಮಹಡಿಯಿಂದ ಬಟ್ಟೆಯ ಬಕೆಟ್ಟೇ ಕೆಳಗೆ ಬಿತ್ತು.

ತನ್ನ ತಾವನ್ನು ಕಳೆದುಕೊಂಡ ಮಲ್ಲಿ ಕೋಣೆಯನ್ನು ಎರಡು ಸುತ್ತು ಸುತ್ತಿದಳು. ಓಡದ, ಕೂಗದ, ನೋಡದ ಜೀವ ಅಲ್ಲಿ ಒಂದೇ ಒಂದಿತ್ತು. ಅದರ ಬೆನ್ನಿಗೂ ಸೆರಗಿಗೂ ನಡುವಿನ ಸಂದಿಯಲ್ಲಿ ತೂರಿಕೊಂಡು ನಡುಗುತ್ತ ನಿಂತಳು.

"ಪುಟ್ಟಯ್ಯ," ಎಂದರು ತುಂಗಮ್ಮ ಕಣ್ಣು ಬಿಡದೆ, ಪಿಸುದನಿಯಲ್ಲಿ. "ಮೈಮೇಲೆ ಬಂದಿದ್ದಾಳೆ."

"ಹೂಂ ಅತ್ತಿಗೆ. ಅಲ್ಲಾಡಬೇಡಿ," ಎಂದರು ಪುಟ್ಟಯ್ಯನವರು.

"ಬಿಸಿ ಇದ್ದಾಳೆ. ನಡುಗ್ತಿದ್ದಾಳೆ. ಈಗ ಕೈ ನೆಕ್ತಿದ್ದಾಳೆ. ದೆವ್ವಕ್ಕೆ ನಾಲಿಗೆ ಇರುತ್ತಾ?"

"ಯಾವ ದೆವ್ವ?"

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಪ್ರೇಮಮ್ಮ ಗದರಿದರು: "ನಾಯಿ ಕಣೇ ಅಕ್ಕ, ನಾಯಿ! ಊರೆಲ್ಲಾ ಬಂದು ಇವರನ್ನ ಕೇಳಿದ್ರೇ ಹೊರತು ಒಬ್ರಾದ್ರೂ ನನ್ನ ಕೇಳಿದ್ರಾ?"

ಮಂಚದ ಅಡಿಯಿಂದ "ನಾಯೀನಾ?" ಎಂಬ ಕ್ಷೀಣ ಸ್ವರ ಕೇಳಿಬಂತು. ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ.

ತುಂಗಮ್ಮ ಈಗಲೂ ತಿರುಗಲಿಲ್ಲ. "ಬಣ್ಣ ಯಾವುದು?"

"ಕಪ್ಪು. ಎದೆ ಮೇಲೆ ಬಿಳಿ ಮಚ್ಚೆ," ಎಂದರು ಪ್ರೇಮಮ್ಮ.

"ಕಿವಿ?"

"ಒಂದು ನೆಟ್ಟಗೆ, ಒಂದು ಮಡಿಸಿದೆ."

"ಈಗ ನೋಡಬಹುದಾ?"

"ಬೇಡ ಅತ್ತಿಗೆ. ಇನ್ನೂ ಬೇಡ," ಎಂದರು ಪುಟ್ಟಯ್ಯನವರು.

ತುಂಗಮ್ಮ ದೀರ್ಘವಾಗಿ ಉಸಿರುಬಿಟ್ಟರು. "ಹಾಗಾದ್ರೆ ನಾನೇ ಕರ್ಕೊಂಡು ಹೋಗ್ತೀನಿ. ಮುಖ ನೋಡದೆ ಬಿಟ್ಟುಹೋಗೋಕೆ ನನ್ನಿಂದ ಆಗಲ್ಲ ಮಾರಾಯ. ಅವಳು ಯಾವತ್ತು ತೋರಿಸ್ತಾಳೋ ಅವತ್ತು ನೋಡ್ತೀನಿ."

ಭೂಮಿಕಾ ಓಲ್ಡ್ ಟೌನಿಗೆ ಹೋಗಿ, ಹಿಂದಿನ ಅಂಗಳದ ಗೋಡೆಯ ಎತ್ತರವನ್ನೂ ಗೇಟಿನ ಸಂದಿಗಳನ್ನೂ ಪರೀಕ್ಷಿಸಿ ಒಪ್ಪಿದಳು. ವಾರವಿಡೀ ತುಂಗಮ್ಮ ದಿನವೂ ಬಸ್ಸಿನಲ್ಲಿ ಬಂದು, ಗೋಡೆಗೆ ಮುಖ ಮಾಡಿ ಕುಳಿತು, ತಮ್ಮ ಬೀದಿಯ ಸಮಸ್ತ ಮನೆಗಳ ಗುಟ್ಟುಗಳನ್ನು ಒಂದೊಂದಾಗಿ ಮಲ್ಲಿಗೆ ಹೇಳಿ ಹೋದರು. ಗುಟ್ಟು ಕೇಳಿ ಇನ್ನೊಬ್ಬರಿಗೆ ಹೇಳದ ಶ್ರೋತೃ ಅವರಿಗೆ ಆಯುಷ್ಯದಲ್ಲಿ ಮೊದಲ ಬಾರಿ ದೊರಕಿತ್ತು.

ತಿಂಗಳ ಕೊನೆಯ ದಿನ ಪುಟ್ಟಯ್ಯನವರು ಭೂಮಿಕಾಳೊಡನೆ ಮಲ್ಲಿಯನ್ನು ಕಾರಿನಲ್ಲಿ ಕರೆದೊಯ್ದರು. ಅಂಗಳದ ಬಾಗಿಲವರೆಗೂ ಕಾರು ಹೋಗುವಂತಿರಲಿಲ್ಲ. ಓಣಿಯ ಬಾಯಲ್ಲೇ ನಿಂತಿತು. ಸುದ್ದಿ ತಿಳಿದು ಬೀದಿಯೇ ನೆರೆದಿತ್ತು. ಕಾರಿನ ಬಾಗಿಲು ತೆರೆದಿಟ್ಟರೂ ಮಲ್ಲಿ ಸೀಟಿನ ಕೆಳಗೆ ಹುದುಗಿಬಿಟ್ಟಳು. ಎತ್ತಲು ಹೋದರೆ ಇಷ್ಟು ದಿನದ ನಂಬಿಕೆಯೆಲ್ಲ ನೀರುಪಾಲು. ತಾನಾಗಿ ಇಳಿಯಬೇಕು, ಇಳಿಯದಿದ್ದರೆ ಭೂಮಿಕಾ ಸಂಜೆಯ ರೈಲು ಹತ್ತುವ ಮೊದಲು ಶೆಡ್ಡಿಗೇ.

ಚಹಾ ಅಂಗಡಿಯ ಮುನಿಸ್ವಾಮಿ ಮುಂದಕ್ಕೆ ಬಾಗಿ ಇಣುಕಿದ. ಕಾರ್ಖಾನೆ ಕಡೆಯ ತಮಿಳು ಅವನ ಕನ್ನಡದಲ್ಲಿ ಇನ್ನೂ ಬೆರೆತಿತ್ತು. "ಏನಮ್ಮಾ ಇದು? ಪೇಯಾ, ನಾಯಾ?"

"ದೆವ್ವಾನೂ ಅಲ್ಲ, ನಾಯಿನೂ ಅಲ್ಲ, ಮಲ್ಲಿ!" ಎಂದು ತುಂಗಮ್ಮ ಜಗಲಿಯಿಂದ ಗದರಿದರು. "ಎಲ್ಲರೂ ಆ ಕಡೆ ತಿರುಗಿ! ಒಬ್ರೂ ನೋಡಕೂಡದು. ಏಯ್ ಸುಬ್ಬಪ್ಪ, ನಿನಗೂ ಸೇರಿಸಿ ಹೇಳಿದ್ದು!"

ಬೇರೆ ಯಾರಾದರೂ ಹೇಳಿದ್ದರೆ ಬೀದಿ ಕೇಳುತ್ತಿರಲಿಲ್ಲ. ನೋಡುವುದೇ ಬದುಕಾದ ತುಂಗಮ್ಮನೇ ನೋಡಬೇಡಿ ಎಂದಾಗ ಜನರಿಗೆ ವಿಷಯದ ಗಾಂಭೀರ್ಯ ಹೊಳೆಯಿತು. ಹೂವಾಡಗಿತ್ತಿ ತಿರುಗಿದಳು, ದರ್ಜಿ ತಿರುಗಿದ, ಚೌಕಾಸಿ ಮಾಡುತ್ತಿದ್ದ ಗಿರಾಕಿಗಳು ತಿರುಗಿದರು. ಮುನಿಸ್ವಾಮಿ ಉಕ್ಕುತ್ತಿದ್ದ ಹಾಲಿಗೆ ಬೆನ್ನು ಮಾಡಿ ನಿಂತ. ತುಂಗಮ್ಮ ಹಿಂದಿನ ಅಂಗಳದ ಬಾಗಿಲನ್ನು ತೆರೆದಿಟ್ಟು, ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತರು.

"ದೊಡ್ಡಪ್ಪ, ನೀವೂ," ಎಂದಳು ಭೂಮಿಕಾ.

"ನಾನಾ? ನಾನು ಸಾಕಿದೋನು!"

"ಅದಕ್ಕೇ. ನೀವು ನೋಡ್ತಾ ಇದ್ರೆ ಅವಳು ನಿಮ್ಮ ಹತ್ರಾನೇ ಬಂದು ನಿಲ್ತಾಳೆ. ಮುಂದಕ್ಕೆ ಹೋಗಲ್ಲ."

ಪುಟ್ಟಯ್ಯನವರು ಕಾರಿನ ಬಾಗಿಲ ಬಳಿಯಿಂದ ಹಿಂದೆ ಸರಿದರು. ಆಮೇಲೆ ಎದುರಿನ ಸುಣ್ಣದ ಗೋಡೆಗೆ ಮುಖ ಮಾಡಿ ನಿಂತರು.

ಓಣಿ ಸದ್ದಡಗಿತು. ಬಹಳ ಹೊತ್ತಿನ ಮೇಲೆ ಚಪ್ಪಡಿಯ ಮೇಲೆ ಉಗುರುಗಳ ಸದ್ದು ಕೇಳಿಸಿತು: ಒಂದಷ್ಟು ನಡೆದು ನಿಂತಿತು, ಮತ್ತೆ ನಡೆಯಿತು. ಪುಟ್ಟಯ್ಯನವರ ಹಿಮ್ಮಡಿಗೆ ಬೆಚ್ಚನೆಯ ಉಸಿರು ತಾಗಿತು. ಅವರು ಅಲ್ಲಾಡಲಿಲ್ಲ. ಮೆಲ್ಲಗೆ "ಹೋಗೇ, ಹೋಗು," ಎಂದರು. ಉಗುರುಗಳ ಸದ್ದು ಮುಂದಕ್ಕೆ ಸಾಗಿ ಕೇಳದಾಯಿತು.

"ಹೋದಳಾ?" ಎಂದು ಅವರು ಗೋಡೆಯನ್ನು ಕೇಳಿದರು.

"ಯಾರು ನೋಡಿದ್ರು ಸಾರ್?" ಎಂದ ಮುನಿಸ್ವಾಮಿ, ತಾನೂ ಗೋಡೆಯ ಕಡೆಯಿಂದಲೇ.

ಆಗ ಒಳಗಿನಿಂದ ತುಂಗಮ್ಮನವರ ದನಿ, ಆ ಬೀದಿ ಎಂದೂ ಕೇಳದಷ್ಟು ಮೆಲ್ಲಗೆ ಬಂತು: "ಅಯ್ಯೋ ಮಾರಾಯ್ತಿ... ಇಷ್ಟು ಚಂದ ಇದ್ದೀಯ ಅಂತ ಯಾರೂ ಹೇಳಲೇ ಇಲ್ಲವಲ್ಲೇ!"

ಬೀದಿಗೆ ಬೀದಿಯೇ ಒಮ್ಮೆಗೆ ತಿರುಗಿತು. ಬಾಗಿಲು ಮುಚ್ಚಿತ್ತು.

"ಸಾರ್, ಇನ್ನು ತಿರುಗಬಹುದು," ಎಂದು ಮುನಿಸ್ವಾಮಿ ಪುಟ್ಟಯ್ಯನವರ ಭುಜ ಮುಟ್ಟಿದ.

"ಇರಲಿ ಮಾರಾಯ," ಎಂದರು ಪುಟ್ಟಯ್ಯನವರು ಸುಣ್ಣದ ಗೋಡೆಯನ್ನೇ ನೋಡುತ್ತ. "ಇನ್ನೊಂದು ಸ್ವಲ್ಪ ಹೊತ್ತು."